ಅತಿಶಯೋಕ್ತಿ ಮತ್ತು ಅತ್ಯುಕ್ತಿ: ಜನಪ್ರಿಯ ಮಾಧ್ಯಮಗಳ ಕನ್ನಡವನ್ನು ಕುರಿತು

ಕನ್ನಡ ವಾರ್ತಾವಾಹಿನಿಗಳ ಮತ್ತು ಚಲನಚಿತ್ರಗಳ ನುಡಿಯಲ್ಲಿ ಉತ್ಪ್ರೇಕ್ಷೆ ಮೇರೆ ಮೀರಿದೆಯೆಂಬ ಆಕ್ಷೇಪಣೆ ಈಗ ಸರ್ವೇಸಾಮಾನ್ಯವಾಗಿದೆ. ವಿಚಾರಸಂಕಿರಣಗಳಲ್ಲಿ, ಪತ್ರಿಕೆಗಳ ವಾಚಕರ ವಾಣಿಯಲ್ಲಿ, ಹೊರನಾಡ ಕನ್ನಡ ಸಂಘಗಳ ವಾರ್ಷಿಕೋತ್ಸವದ ಭಾಷಣಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಆದರೆ ಆಕ್ಷೇಪಣೆಯು ಬಹುಮಟ್ಟಿಗೆ ಅಸಮಾಧಾನದ ಹಂತದಲ್ಲಿಯೇ ನಿಂತುಹೋಗಿದೆ. ಉತ್ಪ್ರೇಕ್ಷೆಯೆಂದರೇನು, ಅದು ಯಾವಾಗ ದೋಷವೆನಿಸುತ್ತದೆ, ದೋಷವಾದಾಗ ಅದರಿಂದ ಯಾರಿಗೆ ಏನು ನಷ್ಟ ಎಂಬ ಪ್ರಶ್ನೆಗಳನ್ನು ನಾವು ವ್ಯವಸ್ಥಿತವಾಗಿ ಕೇಳಿಕೊಂಡಂತಿಲ್ಲ. ‘ಭಾಷೆ ಕೆಟ್ಟಿತು’ ಎಂಬ ತೀರ್ಪು ಸುಲಭ. ಕೆಟ್ಟದ್ದು ಯಾವುದು ಎಂದು ತೋರಿಸುವುದು ಕಷ್ಟ. ಪ್ರಸ್ತುತ ಬರಹದಲ್ಲಿ ನಾವು ಆ ಎರಡನೆಯ ಕೆಲಸಕ್ಕೆ ಕೈಹಾಕಿದ್ದೇವೆ.

ಹೊರನಾಡಿನಲ್ಲಿರುವ ಅಭ್ಯಾಸಿಗಳಿಗೆ ಈ ವಿಷಯ ವಿಶೇಷವಾಗಿ ಸಂಬಂಧಪಟ್ಟದ್ದು. 1994ರಲ್ಲಿ ಉದಯ ವಾಹಿನಿ ಆರಂಭವಾದ ಮೇಲೆ, ಅನಂತರ ದಿನದ 24 ಗಂಟೆಯೂ ವಾರ್ತೆ ಬಿತ್ತರಿಸುವ ವಾಹಿನಿಗಳು ಬಂದ ಮೇಲೆ, ಮುಂಬಯಿ, ಪುಣೆ, ದೆಹಲಿ, ಹೈದರಾಬಾದುಗಳ ಅನೇಕ ಕನ್ನಡ ಮನೆಗಳಲ್ಲಿ ಮಕ್ಕಳ ಕಿವಿಗೆ ಪ್ರತಿನಿತ್ಯ ಬೀಳುವ ಮನೆಯಾಚೆಯ ಕನ್ನಡ ಇದೊಂದೇ ಆಯಿತು. ಕರ್ನಾಟಕದೊಳಗಿನ ಮಗುವಿಗೆ ಈ ನುಡಿಯ ಅಬ್ಬರವನ್ನು ತೂಗಿ ನೋಡಲು ಸಂತೆಯ ಕನ್ನಡ, ಶಾಲೆಯ ಕನ್ನಡ, ಬಸ್ಸಿನ ಕನ್ನಡಗಳಿವೆ. ಹೊರನಾಡಿನ ಮಗುವಿಗೆ ಆ ತಕ್ಕಡಿ ಇಲ್ಲ.

ಮೊದಲಿಗೆ ಪರಿಭಾಷೆಯ ಮಾತು. ಇಂದಿನ ಬಳಕೆಯಲ್ಲಿ ನಾವು ‘ಉತ್ಪ್ರೇಕ್ಷೆ’ ಎಂದು ಕರೆಯುವುದನ್ನು ಅಲಂಕಾರಶಾಸ್ತ್ರವು ಆ ಹೆಸರಿನಿಂದ ಕರೆಯುವುದಿಲ್ಲ. ಶಾಸ್ತ್ರದ ಉತ್ಪ್ರೇಕ್ಷೆಯೆಂದರೆ ಸಂಭಾವನೆ. ಒಂದನ್ನು ಇನ್ನೊಂದೆಂಬಂತೆ ಊಹಿಸುವುದು. ಅಲ್ಲಿ ‘ಎಂಬಂತೆ’, ‘ಏನೋ ಎಂಬ ಹಾಗೆ’ ಮೊದಲಾದ ಊಹಾವಾಚಕಗಳು ಬಂದು, ಹೇಳುತ್ತಿರುವುದು ಊಹೆಯೆಂಬುದನ್ನು ಕೇಳುಗನಿಗೆ ತಿಳಿಸಿಯೇ ಮುಂದುವರಿಯುತ್ತವೆ. ಮೇರೆ ಮೀರಿ ಹೇಳುವುದಕ್ಕೆ ಶಾಸ್ತ್ರದಲ್ಲಿರುವ ಹೆಸರು ಅತಿಶಯೋಕ್ತಿ. ಲೋಕದ ಸೀಮೆಯನ್ನು ದಾಟಿ ಒಂದು ವಿಶೇಷವನ್ನು ಹೇಳಬಯಸುವುದೇ ಅತಿಶಯೋಕ್ತಿಯೆಂದು ದಂಡಿಯ ಅಭಿಪ್ರಾಯ. ಅದನ್ನು ಅಲಂಕಾರಗಳಲ್ಲಿ ಉತ್ತಮವೆಂದೂ ಉಳಿದವಕ್ಕೆ ಆಶ್ರಯವೆಂದೂ ಆತ ಬಣ್ಣಿಸುತ್ತಾನೆ. ಭಾಮಹನಂತೂ ಅದನ್ನು ವಕ್ರೋಕ್ತಿಯೊಡನೆ ಸಮೀಕರಿಸಿ, ಅದಿಲ್ಲದೆ ಅಲಂಕಾರವೇ ಇಲ್ಲವೆಂಬಲ್ಲಿಗೆ ಹೋಗುತ್ತಾನೆ. ಆದುದರಿಂದ ಉಬ್ಬಿಸಿ ಹೇಳಿದ್ದೆಲ್ಲವೂ ದೋಷವೆಂಬ ನಿಲುವಿಗೆ ನಮ್ಮ ಪರಂಪರೆಯ ಬೆಂಬಲವಿಲ್ಲ.

ಆದರೆ ಅದೇ ದಂಡಿ ‘ಕಾವ್ಯಾದರ್ಶ’ದ ಮೊದಲ ಪರಿಚ್ಛೇದದಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದಾನೆ. ಕಾಂತಿಯೆಂಬ ಗುಣವನ್ನು ವಿವರಿಸುತ್ತ, ಲೋಕದ ನಡೆಯನ್ನು ಅತಿಕ್ರಮಿಸದ ಕಾರಣ ಅದು ಎಲ್ಲರಿಗೂ ಪ್ರಿಯವೆಂದು ಹೇಳಿ, ಅದರ ವಿಪರ್ಯಯಕ್ಕೆ ‘ಅತ್ಯುಕ್ತಿ’ ಎಂದು ಹೆಸರಿಡುತ್ತಾನೆ. ಅದು ಗೌಡಮಾರ್ಗದವರಿಗೆ ಮೆಚ್ಚು. ಹೆಣ್ಣಿನ ಮೈಕಟ್ಟನ್ನು ಮುಂಗಾಣದೆ ಬ್ರಹ್ಮನು ಆಕಾಶವನ್ನು ಚಿಕ್ಕದಾಗಿ ನಿರ್ಮಿಸಿಬಿಟ್ಟನೆಂಬ ಅರ್ಥದ ಪದ್ಯವೊಂದನ್ನು ಇದಕ್ಕೆ ನಿದರ್ಶನವಾಗಿ ಕೊಟ್ಟಿದ್ದಾನೆ. ಒಂದೇ ಗ್ರಂಥದಲ್ಲಿ ಲೋಕಸೀಮೆಯನ್ನು ದಾಟುವುದು ಒಂದೆಡೆ ಪರಮಾಲಂಕಾರ, ಇನ್ನೊಂದೆಡೆ ಗುಣದ ಅಭಾವ. ಇದನ್ನು ಸ್ವವಿರೋಧವೆಂದು ತಳ್ಳಿಹಾಕಬೇಕಾಗಿಲ್ಲ. ದಾಟಿದ ಮೇಲೂ ಹಿಂದಿರುಗಿ ವಸ್ತುವನ್ನು ತೋರಿಸುವ ಮಾತು ಅತಿಶಯೋಕ್ತಿ. ದಾಟಿಹೋಗಿ ವಸ್ತುವನ್ನೇ ಮರೆತದ್ದು ಅತ್ಯುಕ್ತಿ ಎಂದು ನಾವು ಅರ್ಥಮಾಡಿಕೊಳ್ಳಬಹುದು. ಇದು ದಂಡಿಯ ಮಾತಲ್ಲ, ಆತನ ಎರಡು ಮಾತುಗಳ ನಡುವೆ ನಾವು ಹಾಕುತ್ತಿರುವ ಸೇತುವೆ. ಈ ಬರಹದುದ್ದಕ್ಕೂ ಇವೆರಡು ಪದಗಳನ್ನು ಇದೇ ಅರ್ಥದಲ್ಲಿ ಬಳಸುತ್ತೇವೆ. ದಂಡಿಯನ್ನು ಬಹುವಾಗಿ ಅನುಸರಿಸಿದ ‘ಕವಿರಾಜಮಾರ್ಗ’ದ ನಾಡಿನಲ್ಲಿ, ಅದೂ ‘ಅತಿಶಯಧವಳ’ನೆಂಬ ಬಿರುದು ಹೊತ್ತ ನೃಪತುಂಗನ ಆಸ್ಥಾನದಿಂದ ನಮ್ಮ ಲಕ್ಷಣಗ್ರಂಥಗಳು ಆರಂಭವಾಗಿರುವಾಗ, ಈ ವಿಂಗಡಣೆ ನಮಗೆ ಪರಕೀಯವಾಗಲಾರದು.

ಬಿರುದಿನ ಮಾತು ಬಂದುದರಿಂದ ಅಲ್ಲಿಂದಲೇ ಹೊರಡೋಣ. ನಮ್ಮ ಚಲನಚಿತ್ರನಟರ ಬಿರುದುಗಳನ್ನು ನಗೆಯಾಡುವ ವಿದ್ವಾಂಸರು ಶಾಸನಗಳ ಬಿರುದಾವಳಿಯ ಮುಂದೆ ಗಂಭೀರರಾಗುವುದನ್ನು ಕಂಡಿದ್ದೇವೆ. ಎರಡೂ ಒಂದೇ ಬಳ್ಳಿಯ ಕಾಯಿಗಳು. ವ್ಯತ್ಯಾಸವಿರುವುದು ಬೇರೆಡೆ. ಚಾವುಂಡರಾಯನು 978ರ ‘ಚಾವುಂಡರಾಯಪುರಾಣ’ದಲ್ಲಿ ತನ್ನ ಬಿರುದುಗಳನ್ನು ಪಟ್ಟಿಮಾಡುವಾಗ ಒಂದೊಂದಕ್ಕೂ ಕಾರಣವನ್ನು ಜೋಡಿಸುತ್ತಾನೆ. ಖೇಡಗದ ಯುದ್ಧದಿಂದ ‘ಸಮರಧುರಂಧರ’, ನೊಳಂಬರೊಡನೆ ಗೋನೂರ ಬಯಲಿನಲ್ಲಿ ಕಾದಿದ್ದರಿಂದ ‘ವೀರಮಾರ್ತಂಡ’, ಉಚ್ಚಂಗಿಯ ಕೋಟೆಯ ಕಾಳಗದಿಂದ ‘ರಣರಂಗಸಿಂಗ’. ಹೇಳಿಕೊಳ್ಳುತ್ತಿರುವವನು ತಾನೇ ಎಂಬುದು ನಿಜ; ಆತ್ಮಸ್ತುತಿಯೂ ಹೌದು. ಆದರೂ ಸಿಂಹ, ಮಾರ್ತಂಡಗಳ ಪಕ್ಕದಲ್ಲಿ ಊರಿನ ಹೆಸರು, ಎದುರಾಳಿಯ ಹೆಸರು ಇವೆ. ಒಪ್ಪದವನು ಹೋಗಿ ವಿಚಾರಿಸಬಹುದಾಗಿತ್ತು. ಶತಮಾನಗಳ ಅನಂತರ ಇತಿಹಾಸಕಾರರು ಹಾಗೆ ವಿಚಾರಿಸಿಯೂ ಇದ್ದಾರೆ. ಇನ್ನು ಸುಮಾರು 950ರ ಆತಕೂರಿನ ವೀರಗಲ್ಲಿನಲ್ಲಿ ಕಾಳಿಯೆಂಬ ನಾಯಿ ಹಂದಿಯೊಡನೆ ಹೋರಾಡಿ ಸತ್ತ ಸಂಗತಿ ದಾಖಲಾಗಿದೆ. ನಾಯಿ ಹಂದಿಗಳೆರಡೂ ಸತ್ತವು ಎಂಬಷ್ಟೇ ಸಂಯಮದಿಂದ ಹೇಳಿದ ಆ ಮಾತಿನ ಘನತೆಯನ್ನು, ಒಂದು ನಾಯಿಗೆ ಕಲ್ಲು ನಿಲ್ಲಿಸಿದ ಆ ಮನಸ್ಸನ್ನು, ಯಾವ ಬಿರುದೂ ಹೆಚ್ಚಿಸಲಾರದು.

ಚಲನಚಿತ್ರರಂಗದ ಹಳೆಯ ಬಿರುದುಗಳಿಗೂ ಇಂಥ ಬೇರು ಇದ್ದುದನ್ನು ಗಮನಿಸಬೇಕು. ವಿಷ್ಣುವರ್ಧನರ ‘ಸಾಹಸಸಿಂಹ’ ಅದೇ ಹೆಸರಿನ 1982ರ ಚಿತ್ರದಿಂದ ಬಂದದ್ದು. ಶಿವರಾಜಕುಮಾರ್ ‘ಹ್ಯಾಟ್ರಿಕ್ ಹೀರೋ’ ಆದದ್ದು ಮೊದಲ ಮೂರು ಚಿತ್ರಗಳು ಒಂದರ ಹಿಂದೊಂದು ಯಶಸ್ವಿಯಾದುದರಿಂದ. ಕೇಳಲು ಕ್ರಿಕೆಟ್ಟಿನ ಮಾತಾದರೂ ಇದು ಚಾವುಂಡರಾಯನ ಪದ್ಧತಿಯೇ. ಸುದೀಪರ ‘ಕಿಚ್ಚ’ 2001ರ ‘ಹುಚ್ಚ’ ಚಿತ್ರದ ಪಾತ್ರದ ಹೆಸರು. ರಾಜಕುಮಾರರ ‘ನಟಸಾರ್ವಭೌಮ’ಕ್ಕೆ ಬೇರೆ ರೀತಿಯ ತೂಕವಿತ್ತು: ಸಾರ್ವಭೌಮನೆನಿಸಿಕೊಂಡವರು ನೋಡುಗರನ್ನು ‘ಅಭಿಮಾನಿ ದೇವರು’ಗಳೆಂದು ಕರೆದು ಅತಿಶಯವನ್ನು ಎದುರುಪಕ್ಷಕ್ಕೆ ಹಿಂದಿರುಗಿಸುತ್ತಿದ್ದರು. ಅತಿಶಯ ಇಲ್ಲಿ ಕೊಟ್ಟು ಪಡೆಯುವ ವ್ಯವಹಾರವಾಗಿತ್ತು. ಅನಂತರದ ‘ಸ್ಟಾರ್’ಗಳ ಸಾಲಿನಲ್ಲಿ, ಅಂದರೆ ಪವರ್, ಗೋಲ್ಡನ್, ರಾಕಿಂಗ್, ರಿಯಲ್ ಮುಂತಾದವುಗಳಲ್ಲಿ, ವಿಶೇಷಣವು ವ್ಯಕ್ತಿಯನ್ನು ಇನ್ನೊಬ್ಬನಿಂದ ಬೇರ್ಪಡಿಸುವ ಶಕ್ತಿಯನ್ನೂ ಕಳೆದುಕೊಂಡಿತು. ‘ಪವರ್ ಸ್ಟಾರ್’ ಕನ್ನಡದಲ್ಲಿ ಪುನೀತ್ ರಾಜಕುಮಾರ್, ತೆಲುಗಿನಲ್ಲಿ ಪವನ್ ಕಲ್ಯಾಣ್. ‘ಮೆಗಾಸ್ಟಾರ್’ ತೆಲುಗಿನಲ್ಲಿ ಒಬ್ಬರು, ಮಲಯಾಳದಲ್ಲಿ ಇನ್ನೊಬ್ಬರು. ಹೈದರಾಬಾದಿನ ಕನ್ನಡ ಹುಡುಗನಿಗೆ ಈ ಬಿರುದು ಹೇಳಿದರೆ ಅವನು ಯಾರ ಮುಖವನ್ನು ನೆನೆಯಬೇಕು? ಹೆಸರಿಸುವುದೇ ಬಿರುದಿನ ಮೊದಲ ಕೆಲಸವಾಗಿದ್ದರೆ ಇವು ಆ ಕೆಲಸವನ್ನೇ ಮಾಡುತ್ತಿಲ್ಲ. ಇಷ್ಟಾದರೂ ಇವುಗಳಿಂದ ಯಾರಿಗೂ ಹೇಳಿಕೊಳ್ಳುವಂಥ ಹಾನಿಯಿಲ್ಲ. ಇವುಗಳ ಮೇಲೆ ಸಿಟ್ಟಾಗುವುದೂ ಒಂದು ಬಗೆಯ ಅತ್ಯುಕ್ತಿಯೇ.

ಹೆಚ್ಚಿನ ಪರಿಶೀಲನೆಗೆ ಯೋಗ್ಯವಾದುದು ‘ಕೆ.ಜಿ.ಎಫ್.’ ಚಿತ್ರದ್ವಯ (2018, 2022). ಪ್ರಶಾಂತ್ ನೀಲ್ ನಿರ್ದೇಶನದ ಈ ಚಿತ್ರಗಳು ಹಿಂದಿ, ತೆಲುಗು, ತಮಿಳು, ಮಲಯಾಳಗಳಲ್ಲಿಯೂ ಓಡಿ, ಕನ್ನಡ ಚಿತ್ರವನ್ನೇ ನೋಡದಿದ್ದವರ ಬಾಯಲ್ಲಿಯೂ ಕನ್ನಡದ ಅತಿಶಯವನ್ನು ಕುಣಿಸಿದವು. ಇವುಗಳ ಸಂಭಾಷಣೆಯ ಅಬ್ಬರವನ್ನು ಟೀಕಿಸಿದವರೂ ಮೆಚ್ಚಿದವರೂ ಒಂದು ಸಂಗತಿಗೆ ಸಾಕಷ್ಟು ಗಮನ ಕೊಟ್ಟಂತೆ ತೋರುವುದಿಲ್ಲ: ಈ ಅಬ್ಬರವು ಯಾರ ಬಾಯಿಂದ ಬರುತ್ತಿದೆ? ನಾಯಕನ ಕಥೆಯನ್ನು ನಾವು ನೇರವಾಗಿ ಕೇಳುವುದಿಲ್ಲ. ಸರ್ಕಾರ ನಿಷೇಧಿಸಿದ ಪುಸ್ತಕವೊಂದರ ಲೇಖಕನಾದ ಮುದಿ ಪತ್ರಕರ್ತ ಆನಂದ ಇಂಗಳಗಿ (ಮೊದಲ ಭಾಗದಲ್ಲಿ ಅನಂತನಾಗ್ ವಹಿಸಿದ ಪಾತ್ರ) ವಾರ್ತಾವಾಹಿನಿಯೊಂದರ ಸಂಪಾದಕಿಯ ಎದುರು ಕುಳಿತು ಹೇಳುತ್ತಾನೆ. ಆಕೆ ಸಂಶಯ ಪಡುತ್ತಾಳೆ, ತಡೆದು ಕೇಳುತ್ತಾಳೆ. ಆತ ಇನ್ನಷ್ಟು ಏರಿಸಿ ಹೇಳುತ್ತಾನೆ. ಎರಡನೆಯ ಭಾಗದಲ್ಲಿ ಹೇಳುವ ಹೊಣೆ ಲೇಖಕನ ಮಗನಿಗೆ (ಪ್ರಕಾಶ್ ರಾಜ್) ದಾಟುತ್ತದೆ. ಎಂದರೆ ಅತಿಮಾನುಷನಾದ ನಾಯಕನು ಚಿತ್ರದೊಳಗೆಯೇ ಪುಸ್ತಕ ಮತ್ತು ದೂರದರ್ಶನಗಳ ಸೃಷ್ಟಿ. ‘ಹೀಗೆಂದು ಹೇಳುತ್ತಾರೆ’ ಎಂಬ ಚೌಕಟ್ಟು ಇಲ್ಲಿ ಶಾಸ್ತ್ರದ ‘ಎಂಬಂತೆ’ಯ ಕೆಲಸವನ್ನು ಮಾಡಬಲ್ಲದಾಗಿತ್ತು.

ಮಾಡಿದೆಯೇ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಸಂಪಾದಕಿಯ ಸಂಶಯವು ಕಥೆಗೆ ಸಾಣೆಯಾಗುವ ಬದಲು ಗಾಳಿಯಾಗುತ್ತದೆ. ಆಕೆ ನಂಬದಿರುವುದು ನಾವು ನಂಬಲೆಂದು. ನಷ್ಟವಾಗಿರುವುದು ಚಿತ್ರದ ಹೆಸರಿಗೆ ಆಧಾರವಾದ ಊರಿಗೆ. ಕೋಲಾರದ ಚಿನ್ನದ ಗಣಿಗಳ ಕೆಲಸವನ್ನು 1880ರಿಂದ ಜಾನ್ ಟೇಲರ್ ಕಂಪನಿ ನಡೆಸಿತು. 1956ರಲ್ಲಿ ಅವು ಮೈಸೂರು ಸರ್ಕಾರದ ಕೈಗೆ ಬಂದವು. 2001ರ ಫೆಬ್ರವರಿ 28ರಂದು ಮುಚ್ಚಿದವು. 3 ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಮನುಷ್ಯರು ಪ್ರತಿದಿನ ಇಳಿದು ಏರಿದ ಆ ಸ್ಥಳದಲ್ಲಿ ವಾಸ್ತವವೇ ಲೋಕಸೀಮೆಯನ್ನು ದಾಟಿತ್ತು. ದುಡಿದವರಲ್ಲಿ ಬಹುಪಾಲು ತಮಿಳು ಮಾತನಾಡುವ ದಲಿತ ಕುಟುಂಬಗಳ ಜನ. ಬೆರಳಚ್ಚು ಕೊಡಬೇಕೆಂಬ ನಿಯಮದ ವಿರುದ್ಧ 1930ರಲ್ಲಿ ಅವರು ನಡೆಸಿದ ಮುಷ್ಕರವನ್ನು ಜಾನಕಿ ನಾಯರ್ 1998ರ ತಮ್ಮ ಗ್ರಂಥದಲ್ಲಿ ಚರ್ಚಿಸಿದ್ದಾರೆ. ಚಿತ್ರವು ಗಣಿಗೆ ‘ನರಾಚಿ’ ಎಂಬ ಕಲ್ಪಿತ ಹೆಸರಿಟ್ಟು, ಕಾರ್ಮಿಕರನ್ನು ಮಾತಿಲ್ಲದ ಗುಲಾಮರನ್ನಾಗಿ ಮಾಡಿ, ಒಬ್ಬ ಉದ್ಧಾರಕನನ್ನು ಹೊರಗಿನಿಂದ ತಂದಿತು. ಕಲ್ಪನೆಗೆ ಆ ಸ್ವಾತಂತ್ರ್ಯವುಂಟು, ನಿಜ. ಆದರೆ ಸಂಘ ಕಟ್ಟಿ ಮುಷ್ಕರ ಹೂಡಿದ ಜನರ ಜಾಗದಲ್ಲಿ ಬಾಯಿಲ್ಲದ ಜನಸ್ತೋಮವನ್ನು ನಿಲ್ಲಿಸಿದಾಗ ಅತಿಶಯವು ವಸ್ತುವನ್ನು ದೊಡ್ಡದು ಮಾಡಲಿಲ್ಲ, ಕುಗ್ಗಿಸಿತು. ಇಂದು ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ‘ಕೆ.ಜಿ.ಎಫ್.’ ಎಂದರೆ ಊರೆಂದು ತಿಳಿಯುವವರಿಗಿಂತ ಚಿತ್ರವೆಂದು ತಿಳಿಯುವವರೇ ಹೆಚ್ಚು.

ಸಂಪಾದಕಿಯ ಪಾತ್ರವನ್ನು ನೋಡುವಾಗ ನಮಗೆ ದೊಡ್ಡಾಟದ ಸಾರಥಿ ನೆನಪಾಗುತ್ತಾನೆ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ರಾಜವೇಷ ರಂಗಕ್ಕೆ ಬಂದೊಡನೆ ಸಾರಥಿ ಎದುರಾಗಿ, ನೀವಾರು, ಯಾವೂರು ಎಂದು ವಿಚಾರಿಸುತ್ತಾನೆ. ರಾಜನು ತನ್ನ ಪರಾಕ್ರಮವನ್ನು ಸಮಾಸಗಳಲ್ಲಿ ಸುರಿಯುತ್ತಾನೆ. ಸಾರಥಿ ಅದನ್ನು ಆಡುಮಾತಿಗಿಳಿಸಿ, ತಪ್ಪಾಗಿ ಕೇಳಿಸಿಕೊಂಡವನಂತೆ ನಟಿಸಿ, ಕೀಟಲೆ ಮಾಡುತ್ತಾನೆ. ಯಕ್ಷಗಾನದಲ್ಲಿ ಹಾಸ್ಯಗಾರನಿಗೂ ಇಂಥ ಸಲಿಗೆಯುಂಟು. ಇದರಿಂದ ರಾಜನ ಘನತೆ ಕುಂದುವುದಿಲ್ಲ. ಪ್ರೇಕ್ಷಕನಿಗೆ ಮಾತ್ರ ಎರಡು ಅಳತೆಗೋಲುಗಳು ಏಕಕಾಲಕ್ಕೆ ಸಿಗುತ್ತವೆ. ಅತಿಶಯವನ್ನು ಸವಿಯುತ್ತಲೇ ಅದು ಅತಿಶಯವೆಂದು ಅವನು ಬಲ್ಲ. ನಮ್ಮ ಜನಕ್ಕೆ ಈ ಬಲ್ಮೆ ಎಷ್ಟಿತ್ತೆಂಬುದಕ್ಕೆ ಆಡುನುಡಿಯೇ ಸಾಕ್ಷಿ: ಬಡಾಯಿ, ಬುರುಡೆ, ಬೊಗಳೆ, ಓಳು, ಕೊಚ್ಚಿಕೊಳ್ಳುವುದು, ರೈಲು ಬಿಡುವುದು. ಇವು ಒಂದಕ್ಕೊಂದು ಪರ್ಯಾಯಗಳಲ್ಲ. ಬಡಾಯಿಯಲ್ಲಿ ಆತ್ಮಪ್ರಶಂಸೆ ಇರಲೇಬೇಕು, ಬುರುಡೆಗೆ ಅದು ಬೇಡ. ಕೈಲಾಸಂ ತಮ್ಮ ನಾಟಕವೊಂದಕ್ಕೆ ‘ಬಂಡ್ವಾಳ್ವಿಲ್ಲದ ಬಡಾಯಿ’ ಎಂದು ಹೆಸರಿಟ್ಟಾಗ ನಾವು ಮೇಲೆ ಮಾಡಿದ ವಿಂಗಡಣೆಯನ್ನೇ ಎರಡು ಶಬ್ದಗಳಲ್ಲಿ ಹೇಳಿಬಿಟ್ಟಿದ್ದರು. ಬಂಡವಾಳವಿದ್ದರೆ ಬಡಾಯಿಗೂ ಒಂದು ಲೆಕ್ಕವುಂಟು.

ವಾರ್ತಾವಾಹಿನಿಯಲ್ಲಿ ರಾಜನೂ ಸಾರಥಿಯೂ ಒಬ್ಬನೇ. ಹೇಳುವವನನ್ನು ತಡೆದು ಕೇಳುವವರಿಲ್ಲ. ಅಲ್ಲಿಯ ನುಡಿಯಲ್ಲಿ ಎರಡು ಪದರಗಳಿವೆ. ಒಂದು, ಕಣ್ಣಿಗೆ ಥಟ್ಟನೆ ಹೊಡೆಯುವ ‘ಮಹಾಸ್ಫೋಟ’, ‘ಬಿಗ್ ಶಾಕ್’, ‘ಬಾಂಬ್ ಸಿಡಿಸಿದ ನಾಯಕ’, ‘ಗುಡುಗು’, ‘ರಣಕಹಳೆ’ಗಳ ಪದರ. ಇದರ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಪ್ರತಿದಿನ ಸಿಡಿಯುವ ಬಾಂಬು ಯಾರನ್ನೂ ಎಚ್ಚರಿಸದು. ಪದಗಳು ಸವೆದು ಗಟ್ಟಿದನಿಯೊಂದೇ ಉಳಿಯುತ್ತದೆ. ಹಿಂದಿಯ ‘ಸನಸನಿ’ ಮಾದರಿಯ ಕಾರ್ಯಕ್ರಮಗಳ ಧಾಟಿ 2004ರಿಂದೀಚೆಗೆ ಪ್ರಾದೇಶಿಕ ಭಾಷೆಗಳಿಗೆ ಹೇಗೆ ಇಳಿದುಬಂದಿತು ಎಂಬುದು ದೆಹಲಿ, ಹೈದರಾಬಾದುಗಳಲ್ಲಿರುವ ಕನ್ನಡ ಅಭ್ಯಾಸಿಗಳು ತುಲನಾತ್ಮಕವಾಗಿ ನೋಡಬಹುದಾದ ವಿಷಯ.

ಎರಡನೆಯ ಪದರ ಅಷ್ಟು ಥಟ್ಟನೆ ಕಾಣದು, ಏಕೆಂದರೆ ಅದು ಕಾವ್ಯದ ಉಡುಗೆ ತೊಟ್ಟಿದೆ. ಮಳೆ ಸುರಿದರೆ ‘ವರುಣನ ಆರ್ಭಟ’, ರಸ್ತೆ ಅಪಘಾತವಾದರೆ ‘ಜವರಾಯನ ಅಟ್ಟಹಾಸ’, ಎಳೆಯರು ಸತ್ತರೆ ‘ವಿಧಿಯ ಕ್ರೂರ ಆಟ’, ರೋಗ ಹಬ್ಬಿದರೆ ‘ಹೆಮ್ಮಾರಿ’. ಇವು ಇಂಗ್ಲಿಷಿನಿಂದಲೋ ಹಿಂದಿಯಿಂದಲೋ ಬಂದವಲ್ಲ, ಅಚ್ಚ ನಮ್ಮವೇ. ವ್ಯಾಕರಣದ ದೃಷ್ಟಿಯಿಂದ ಇವನ್ನು ಪರಿಶೀಲಿಸೋಣ. ‘ಬಸ್ಸು ಹಳ್ಳಕ್ಕೆ ಉರುಳಿತು’ ಎಂದರೆ ಬಸ್ಸು ಕರ್ತೃ. ಕೂಡಲೇ ಅದರ ಚಾಲಕ ಎಷ್ಟು ಹೊತ್ತಿನಿಂದ ನಿದ್ದೆಗೆಟ್ಟಿದ್ದ, ಮಾಲೀಕ ಯಾರು, ತಡೆಗೋಡೆ ಏಕಿರಲಿಲ್ಲ ಎಂಬ ಪ್ರಶ್ನೆಗಳಿಗೆ ದಾರಿಯಾಗುತ್ತದೆ. ‘ಜವರಾಯ ಅಟ್ಟಹಾಸ ಮೆರೆದ’ ಎಂದರೆ ಕರ್ತೃಸ್ಥಾನದಲ್ಲಿ ಯಮನೇ ಬಂದು ಕುಳಿತಿದ್ದಾನೆ. ಅವನಿಗೆ ಸಮನ್ಸು ಕಳುಹಿಸಲು ಬರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗ ಜಲಾವೃತವಾದಾಗ ರಾಜಕಾಲುವೆಗಳ ಒತ್ತುವರಿಯ ಚರ್ಚೆಯೂ ಸಾಕಷ್ಟು ನಡೆಯಿತು. ಆದರೆ ಕಾಲುವೆಯ ಮೇಲೆ ಕಟ್ಟಿದವರು ಮತ್ತು ಕಟ್ಟಲು ಬಿಟ್ಟವರು ಕರ್ತೃಗಳಾಗಬೇಕಾದ ವಾಕ್ಯದಲ್ಲಿ ವರುಣನು ಕರ್ತೃವಾದರೆ, ಚರ್ಚೆ ಒಂದು ಕಡೆಗೆ, ವಾಕ್ಯ ಇನ್ನೊಂದು ಕಡೆಗೆ ಎಳೆಯುತ್ತವೆ.

ಜನಪದ ಗೀತಗಳಲ್ಲಿಯೂ ಜವರಾಯನಿದ್ದಾನಲ್ಲ ಎಂದು ಕೇಳಬಹುದು. ಇದ್ದಾನೆ. ಕೊಡಲಿ ಹಿಡಿದು ಬಂದು ಒಳ್ಳೆಯ ಮರಗಳನ್ನೇ ಕಡಿಯುವವನಾಗಿ ಇದ್ದಾನೆ. ಆದರೆ ಅಲ್ಲಿ ಅವನನ್ನು ಕರೆಯುವವಳು ಶೋಕದಲ್ಲಿರುವ ಹೆಣ್ಣು. ಬೇರೆ ಯಾರನ್ನೂ ಹೊಣೆಮಾಡಲಾಗದ ಸಾವಿನ ಮುಂದೆ ನಿಂತು ಆಕೆ ಆ ಹೆಸರನ್ನು ತೆಗೆಯುತ್ತಾಳೆ. ಅದೇ ರೂಪಕವನ್ನು ಹೊಣೆಗಾರರು ಇರುವಲ್ಲಿಗೆ ತಂದು, ಶೋಕಿಸದವನ ಬಾಯಲ್ಲಿ, ಹಿನ್ನೆಲೆ ಸಂಗೀತದೊಡನೆ ಹೇಳಿಸಿದಾಗ ಅದು ಅತ್ಯುಕ್ತಿಯಾಗುತ್ತದೆ. ಶಬ್ದ ಬದಲಾಗಿಲ್ಲ, ವಕ್ತೃವಿಶೇಷ ಬದಲಾಗಿದೆ.

ಅಸಂಬದ್ಧದ ಪ್ರಶ್ನೆಗೆ ಬಂದರೆ, ಅಲ್ಲಿಯೂ ಕನ್ನಡಕ್ಕೆ ದೀರ್ಘ ಅನುಭವವಿದೆ. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು, ಕೋಳಿಯು ಕೋಡಗವನ್ನು ನುಂಗುವ ಶಿಶುನಾಳ ಷರೀಫರ ತತ್ತ್ವಪದ, ಇವೆಲ್ಲ ಮೇಲ್ನೋಟಕ್ಕೆ ಅಸಂಗತ. ಆದರೆ ವಾಚ್ಯಾರ್ಥವು ಕೈಕೊಟ್ಟೊಡನೆ ಕೇಳುಗನು ನಿಂತು ಇನ್ನೊಂದು ಅರ್ಥವನ್ನು ಅರಸುತ್ತಾನೆ. ಮುಖ್ಯಾರ್ಥಕ್ಕೆ ಬಾಧೆ ಬಂದಾಗ ಲಕ್ಷಣೆಯು ಪ್ರವರ್ತಿಸುತ್ತದೆಂಬ ಶಾಸ್ತ್ರದ ನಿಯಮವನ್ನು ಹಳ್ಳಿಯ ಭಜನೆಯ ಮೇಳವೂ ಬಲ್ಲದು.

ಇದಕ್ಕೆ ತೀರ ವಿರುದ್ಧವಾದ ಘಟನೆಯೊಂದು 2020ರ ಏಪ್ರಿಲ್‌ನಲ್ಲಿ ನಡೆಯಿತು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1969ರ ಪ್ರಬಂಧವೊಂದರಲ್ಲಿ, ಊರಿನ ಮೇಲೆ ಹೆಲಿಕಾಪ್ಟರೊಂದು ಹಾರಿ ನೋಟುಗಳನ್ನು ಬೀಳಿಸಿದರೆ ಏನಾದೀತೆಂದು ಕಲ್ಪಿಸಿ ಹಣದ ಪ್ರಮಾಣದ ಪರಿಣಾಮವನ್ನು ವಿವರಿಸಿದ್ದ. ಅಲ್ಲಿಂದ ‘ಹೆಲಿಕಾಪ್ಟರ್ ಮನಿ’ ಎಂಬುದು ಹೊಸದಾಗಿ ಹಣ ಸೃಷ್ಟಿಸಿ ಜನರಿಗೆ ನೇರವಾಗಿ ತಲುಪಿಸುವ ನೀತಿಗೆ ಪಾರಿಭಾಷಿಕ ಪದವಾಯಿತು. ಕೊರೊನಾ ನಿರ್ಬಂಧದ ಆ ದಿನಗಳಲ್ಲಿ ತೆಲಂಗಾಣದ ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅವರು ಇಂಥ ಕ್ರಮವನ್ನು ಬಹಿರಂಗವಾಗಿ ಸೂಚಿಸಿದರು. ಅದಾದ ಕೆಲವೇ ದಿನಗಳಲ್ಲಿ ಕನ್ನಡದ ವಾರ್ತಾವಾಹಿನಿಯೊಂದು, ಊರೂರಿಗೆ ಹೆಲಿಕಾಪ್ಟರಿನಿಂದ ಸರ್ಕಾರ ಹಣ ಸುರಿಯಲಿದೆಯೇ ಎಂಬ ಧಾಟಿಯ ಕಾರ್ಯಕ್ರಮವನ್ನು ಬಿತ್ತರಿಸಿತು. ಕೇಂದ್ರ ಸರ್ಕಾರದ ವಾರ್ತಾ ಶಾಖೆಯು ಅದು ಸುಳ್ಳೆಂದು ಸಾರಿ ವಾಹಿನಿಗೆ ನೋಟಿಸು ಕೊಟ್ಟಿತು.

ಇದನ್ನು ಅಜ್ಞಾನವೆಂದು ನಕ್ಕು ಬಿಡುವವರು ಬಹಳ. ಆದರೆ ಅಲಂಕಾರಶಾಸ್ತ್ರದ ವಿದ್ಯಾರ್ಥಿಗೆ ಇದು ಅಪೂರ್ವ ನಿದರ್ಶನ. ‘ಗಂಗೆಯಲ್ಲಿ ಗೊಲ್ಲರಹಟ್ಟಿ’ ಎಂದು ಕೇಳಿ ನೀರಿನ ಮೇಲೆ ಗುಡಿಸಲು ಹುಡುಕಲು ಹೊರಟಂತೆ, ಲಕ್ಷ್ಯಾರ್ಥವನ್ನು ತೊರೆದು ವಾಚ್ಯಾರ್ಥಕ್ಕೆ ಹಿಂದಿರುಗಿದ್ದು ಇಲ್ಲಿಯ ವೈಚಿತ್ರ್ಯ. ಬೆಡಗಿನ ವಚನವು ಅಸಂಬದ್ಧದಿಂದ ಅರ್ಥಕ್ಕೆ ನಡೆಸುತ್ತದೆ. ಇಲ್ಲಿ ಅರ್ಥವಿದ್ದುದನ್ನು ಅಸಂಬದ್ಧಕ್ಕೆ ಇಳಿಸಲಾಯಿತು. ಯಾರ ಎದುರಿಗೆ? ಕೂಲಿ ನಿಂತು, ಊರಿಗೆ ಹೋಗಲು ವಾಹನವಿಲ್ಲದೆ, ನಿಜವಾಗಿಯೂ ಹಣಕ್ಕಾಗಿ ಕಾಯುತ್ತಿದ್ದ ಜನರ ಎದುರಿಗೆ. ಆ ನೀತಿಯನ್ನು ಒಪ್ಪಬೇಕೋ ಬೇಡವೋ ಎಂದು ಕನ್ನಡದಲ್ಲಿ ಚರ್ಚಿಸಲು ಒದಗಿದ ಅವಕಾಶವೊಂದು ಆಕಾಶ ನೋಡುವುದರಲ್ಲಿ ಕಳೆದುಹೋಯಿತು. ಆ ಪದಕ್ಕೊಂದು ಕನ್ನಡ ಪಾರಿಭಾಷಿಕವೂ ಹುಟ್ಟಲಿಲ್ಲ.

ಈ ಪ್ರಸಂಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಪಾತ್ರವನ್ನೂ ಗಮನಿಸಬೇಕು. ವಾಹಿನಿಗಳ ತಲೆಬರಹಗಳಲ್ಲಿ ‘ಎಂಬಂತೆ’ಯ ಸ್ಥಾನಕ್ಕೆ ಈಗ ಪ್ರಶ್ನೆ ಬಂದು ನಿಂತಿದೆ. ಊಹಾವಾಚಕವು ಕೇಳುಗನಿಗೆ ಕೊಡುತ್ತಿದ್ದ ಎಚ್ಚರಿಕೆಯನ್ನು ಅದು ಕೊಡುವುದಿಲ್ಲ, ಹೇಳುವವನಿಗೆ ರಕ್ಷಣೆಯನ್ನು ಮಾತ್ರ ಕೊಡುತ್ತದೆ. 2012ರ ಡಿಸೆಂಬರ್ 21ರಂದು ಮಾಯಾ ಪಂಚಾಂಗದ ಪ್ರಕಾರ ಪ್ರಳಯವಾಗುವುದೇ ಎಂದು ಜ್ಯೋತಿಷಿಗಳನ್ನು ಕೂರಿಸಿ ಕೇಳಿದ್ದೂ, 2016ರ ನವೆಂಬರಿನಲ್ಲಿ ಹೊಸ 2000 ರೂಪಾಯಿಯ ನೋಟಿನಲ್ಲಿ ಉಪಗ್ರಹಕ್ಕೆ ಸುಳಿವು ಕೊಡುವ ನ್ಯಾನೋ ಚಿಪ್ ಇದೆಯೆಂದು ಅನೇಕ ವಾಹಿನಿಗಳು ಹೇಳಿದ್ದೂ ಇದೇ ಜಾತಿಗೆ ಸೇರಿದವು. ಆ ನೋಟನ್ನು 2023ರ ಮೇ ತಿಂಗಳಲ್ಲಿ ಚಲಾವಣೆಯಿಂದ ಹಿಂತೆಗೆದುಕೊಳ್ಳುವುದಾಗಿ ರಿಸರ್ವ್ ಬ್ಯಾಂಕ್ ಪ್ರಕಟಿಸಿತು. ಚಿಪ್ಪಿನ ಕಥೆ ಹೇಳಿದವರು ಅದನ್ನು ಹಿಂತೆಗೆದುಕೊಂಡದ್ದನ್ನು ನಾವು ಕಾಣೆವು.

ಇವು ನಗೆಯ ವಸ್ತುಗಳಾದರೂ ಆದಾವು. ನಗಲಾಗದ ಸಂದರ್ಭವೂ ಅದೇ 2020ರಲ್ಲಿ ಒದಗಿತು. ತಬ್ಲೀಘಿ ಜಮಾಅತ್ ಸಮಾವೇಶದ ವರದಿಗಾರಿಕೆಯಲ್ಲಿ ಯುದ್ಧ, ಬಾಂಬು, ವಿಷಗಳ ಪರಿಭಾಷೆಯನ್ನು ರೋಗಿಗಳಿಗೂ ಅವರ ಮತಕ್ಕೂ ಅನ್ವಯಿಸಿದ ಕಾರ್ಯಕ್ರಮಗಳು ದೇಶದ ಹಲವು ವಾಹಿನಿಗಳಲ್ಲಿ ಬಂದವು. ವಾರ್ತಾವಾಹಿನಿಗಳ ಸ್ವಯಂನಿಯಂತ್ರಣ ಪ್ರಾಧಿಕಾರವು 2021ರ ಜೂನ್‌ನಲ್ಲಿ ಈ ಸಂಬಂಧ ಎರಡು ಕನ್ನಡ ವಾಹಿನಿಗಳಿಗೆ ಕ್ರಮವಾಗಿ 1 ಲಕ್ಷ ಹಾಗೂ 50 ಸಾವಿರ ರೂಪಾಯಿ ದಂಡ ವಿಧಿಸಿತು. ದಂಡದ ಮೊತ್ತವನ್ನು ಕುರಿತು ನಾವು ಏನನ್ನೂ ಹೇಳುವುದಿಲ್ಲ. ನಾವು ತೋರಿಸಬಯಸುವುದು ಇಷ್ಟೇ: ದಿನವೂ ರಾಜಕಾರಣಿಗಳು ‘ಸಿಡಿಸಿದ’ ಬಾಂಬಿಗೆ ಅರ್ಥ ಸವೆದಿತ್ತು, ಅದು ಯಾರಿಗೂ ತಗುಲುತ್ತಿರಲಿಲ್ಲ. ಅದೇ ಪದ ದುರ್ಬಲ ಸಮುದಾಯವೊಂದರ ಕಡೆಗೆ ತಿರುಗಿದೊಡನೆ ಸವೆದ ಅರ್ಥ ಮತ್ತೆ ಹರಿತವಾಯಿತು. ಬೀದಿಯಲ್ಲಿ ತರಕಾರಿ ಮಾರುವವನ ಹೆಸರು ಕೇಳಿ ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸುವಷ್ಟು ಹರಿತವಾಯಿತು. ಆದುದರಿಂದ ‘ಅಬ್ಬರದ ಭಾಷೆಗೆ ಪರಿಣಾಮವಿಲ್ಲ, ಜನ ನಕ್ಕು ಮರೆಯುತ್ತಾರೆ’ ಎಂಬ ಸಮಾಧಾನವನ್ನು ನಾವು ಒಪ್ಪಲಾರೆವು. ಪದದ ಸವಕಳಿಯೂ ಹರಿತವೂ ಅದು ಯಾರ ಮೇಲೆ ಬೀಳುತ್ತದೆಂಬುದನ್ನು ಅವಲಂಬಿಸಿವೆ.

ಜನ ನಗುತ್ತಾರೆಂಬುದೇನೋ ಸುಳ್ಳಲ್ಲ. ವಾಹಿನಿಗಳ ತುಣುಕುಗಳನ್ನು ಕತ್ತರಿಸಿ, ಹಳೆಯ ಚಿತ್ರಗಳ ಹಾಸ್ಯದೊಡನೆ ಅಂಟಿಸಿ, ‘ಟ್ರೋಲ್’ ಎಂಬ ಹೆಸರಿನಲ್ಲಿ ಹಂಚುವ ಯುವಕರಲ್ಲಿ ದೊಡ್ಡಾಟದ ಸಾರಥಿ ಮರುಹುಟ್ಟು ಪಡೆದಿದ್ದಾನೆಂದು ಕೆಲವರು ಹೇಳುತ್ತಾರೆ. ಅರ್ಧ ಒಪ್ಪಬಹುದಾದ ಮಾತು. ಆದರೆ ಸಾರಥಿ ರಾಜನ ಎದುರಿಗೆ, ಅದೇ ರಂಗದ ಮೇಲೆ, ಅದೇ ಪ್ರೇಕ್ಷಕರ ಮುಂದೆ ಮಾತನಾಡುತ್ತಿದ್ದ. ರಾಜನು ಉತ್ತರ ಕೊಡಲೇಬೇಕಿತ್ತು. ಈ ಹೊಸ ಸಾರಥಿಯ ರಂಗ ಬೇರೆ, ಪ್ರೇಕ್ಷಕರು ಬೇರೆ. ಮೂಲದ ಕಾರ್ಯಕ್ರಮವನ್ನು ನಂಬಿದವನಿಗೆ ಅವನ ಗೇಲಿ ತಲುಪದಿರಬಹುದು. ತಲುಪಿದವನಿಗೆ ಗೇಲಿಯೇ ಸಾಕಾಗಿ ವಿಷಯ ಬೇಡವಾಗಬಹುದು.

ಕೊನೆಯದಾಗಿ ಸಾಮಗ್ರಿಯ ಸಮಸ್ಯೆಯನ್ನು ಪ್ರಸ್ತಾಪಿಸಬೇಕು. ಹತ್ತನೆಯ ಶತಮಾನದ ಅತಿಶಯಗಳು ಕಲ್ಲಿನ ಮೇಲೆ ಉಳಿದವು, ಬಿ. ಎಲ್. ರೈಸ್ ಆದಿಯಾಗಿ ಸಂಪಾದಕರು ಅವನ್ನು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಸ್ಥಳ, ಕಾಲ, ಪಾಠಸಹಿತ ಒದಗಿಸಿಕೊಟ್ಟರು. ವಾರ್ತಾವಾಹಿನಿಯ ನುಡಿಗೆ ಅಂಥ ಸಂಪುಟಗಳಿಲ್ಲ. ವಿವಾದವಾದ ತುಣುಕುಗಳು ಮಾತ್ರ ಉಳಿದು, ವಿವಾದವಾಗದೆ ಹೋದ ದೈನಂದಿನ ‘ಅಟ್ಟಹಾಸ’ ‘ಆರ್ಭಟ’ಗಳು ಅಳಿಸಿಹೋಗುತ್ತಿವೆ. ನಮ್ಮ ವಾದದ ಎರಡನೆಯ ಪದರಕ್ಕೆ ಬೇಕಾದದ್ದು ಈ ದೈನಂದಿನ ಸಾಮಗ್ರಿಯೇ. ಹೊರನಾಡಿನ ವಿಭಾಗಗಳಲ್ಲಿ ಎಂ.ಫಿಲ್., ಪಿಎಚ್.ಡಿ. ಮಾಡಿದವರು ಮುಂಬಯಿ ಕನ್ನಡ ಪತ್ರಿಕೆಗಳ, ಸಂಘಸಂಸ್ಥೆಗಳ ಇತಿಹಾಸವನ್ನು ಶ್ರದ್ಧೆಯಿಂದ ದಾಖಲಿಸಿದ್ದಾರೆ. ಅದೇ ಶ್ರದ್ಧೆಯಿಂದ ಒಂದು ಮಳೆಗಾಲದ ಅವಧಿಗೆ, ಕನ್ನಡ, ತೆಲುಗು, ಮರಾಠಿಗಳ ಒಂದೊಂದು ವಾಹಿನಿಯ ಸಂಜೆಯ ವಾರ್ತೆಯನ್ನು ಬರೆದಿಟ್ಟುಕೊಂಡು, ಮಳೆಯ ವಾಕ್ಯಗಳಲ್ಲಿ ಕರ್ತೃ ಯಾರೆಂದು ಎಣಿಸಿದರೆ ಸಾಕು. ಕನ್ನಡದಲ್ಲಿ ವರುಣನಿರುವ ಜಾಗದಲ್ಲಿ ಮರಾಠಿಯವರು ಮಹಾನಗರಪಾಲಿಕೆಯನ್ನು ಇಡುತ್ತಾರೆಯೇ ಎಂಬುದನ್ನು ಹೇಳಬಲ್ಲವರು ಮುಂಬಯಿಯಲ್ಲಿ ಎರಡೂ ಭಾಷೆಗಳನ್ನು ಕೇಳಿ ಬೆಳೆದ ಅಭ್ಯಾಸಿಗಳೇ.